ಪರದೇಶವಾಸದ ದಿನಗಣನೆ

ಮದ್ದೂರು ತಾಲ್ಲೋಕಿನ ಗೃಹಸ್ಥರೊಬ್ಬರು ಬರೆದ ಪತ್ರವೊಂದು ಕಳೆದ ತಿಂಗಳು ನನ್ನ ಕೈಸೇರಿತು. ಅವರ ಹಿರಿಯ ಮಗನು ಹದಿನಾಲ್ಕು ವರ್ಷಗಳಿಂದ ದುಬೈ ಪಟ್ಟಣದಲ್ಲಿ ಉದ್ಯೋಗದಲ್ಲಿರುತ್ತಾನೆ. ತಾಯಿಯು ಹಿತ್ತಿಲಿನಲ್ಲಿ ಜಾರಿಬಿದ್ದು ಸೊಂಟದ ಮೂಳೆಯನ್ನು ಮುರಿದುಕೊಂಡ ವರ್ತಮಾನ ತಿಳಿದೊಡನೆ ಅವನು ಸೆಪ್ಟೆಂಬರ್ 10ನೆಯ ತಾರೀಖು ಊರಿಗೆ ಬಂದನು. ಮಂಡ್ಯದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆಕೆಯು ಈಗ ಮಗನ ತೋಳನ್ನು ಹಿಡಿದು ಪಡಸಾಲೆಯಿಂದ ಜಗುಲಿಯವರೆಗೆ ನಡೆಯುವಷ್ಟಾಗಿದ್ದಾರೆ. ಯುಗಾದಿಯ ವೇಳೆಗೆ ಊರುಗೋಲಿನ ಆಸರೆಯಿಂದ ತಾವೇ ನಡೆಯಬಹುದೆಂದು ವೈದ್ಯರು ಹೇಳಿರುತ್ತಾರೆ. ಮಗನು ಮೊದಲ ಎರಡು ತಿಂಗಳು ರಜೆಯಲ್ಲಿದ್ದು, ಆಮೇಲೆ ಯಜಮಾನರ ಅನುಮತಿಯಿಂದ ಮನೆಯಲ್ಲಿಯೇ ಕುಳಿತು ಗಣಕಯಂತ್ರದ ಮೂಲಕ ತನ್ನ ಕೆಲಸವನ್ನು ಮಾಡುತ್ತಿದ್ದಾನೆ. ಹೀಗಿರುವಲ್ಲಿ ದುಬೈಯ ಸ್ನೇಹಿತನೊಬ್ಬನು, "ಮಾರ್ಚ್ 10ಕ್ಕೆ ನಿನಗೆ 182 ದಿನ ತುಂಬುತ್ತದೆ. ತುಂಬಿದರೆ ನೀನು ಭಾರತದ ನಿವಾಸಿ. ಇಲ್ಲಿಯ ಸಂಬಳಕ್ಕೆಲ್ಲ ಅಲ್ಲಿ ತೆರಿಗೆ ಕೊಡಬೇಕಾದೀತು. 8ರೊಳಗೆ ವಿಮಾನ ಹತ್ತು" ಎಂದು ಬುದ್ಧಿ ಹೇಳಿದನಂತೆ. ತಂದೆಯವರು ಕೇಳಿರುವುದು ಒಂದೇ ಮಾತು: "ತಾಯಿಯ ಶುಶ್ರೂಷೆಗೂ ಸರ್ಕಾರದವರು ವಾಯಿದೆ ಗೊತ್ತುಮಾಡಿರುವರೇ?"

ಅವರಿಗೆ ಕೂಡಲೆ ಉತ್ತರ ಬರೆದಿದ್ದೇನೆ. ಆದರೆ ಇದು ಒಂದು ಮನೆಯ ಪ್ರಶ್ನೆಯಲ್ಲ. ಮದ್ದೂರು ತಾಲ್ಲೋಕಿನ ಸೋಮನಹಳ್ಳಿಯ ಎಸ್. ಎಂ. ಕೃಷ್ಣನವರು ಅಮೆರಿಕಕ್ಕೆ ಓದಲು ಹೋದ ಕಾಲದಲ್ಲಿ ಅಂಥ ಪ್ರಯಾಣವು ಈ ಸೀಮೆಗೆ ದೊಡ್ಡ ಸುದ್ದಿ. 1962ರಲ್ಲಿ ಮಂಡ್ಯದಲ್ಲಿ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು ಸ್ಥಾಪಿತವಾಯಿತು. ಆಮೇಲೆ ಕಬ್ಬಿನ ಗದ್ದೆಯ ಅಂಚಿನಿಂದ ನೇರವಾಗಿ ಹೊರದೇಶಕ್ಕೆ ಹೋಗುವ ದಾರಿ ಬಿದ್ದಿತು. ಈಗ ಮಂಡ್ಯದಲ್ಲಾಗಲಿ ಮಳವಳ್ಳಿಯಲ್ಲಾಗಲಿ ಮಗನೋ ಮಗಳೋ ಕಡಲಾಚೆ ಇಲ್ಲದ ಬೀದಿಯನ್ನು ಹುಡುಕಬೇಕು. ಆದುದರಿಂದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

‘ವಸ್’ ಎಂಬ ಧಾತುವಿಗೆ ‘ನಿ’ ಸೇರಿದರೆ ನಿವಾಸ, ‘ಪ್ರ’ ಸೇರಿದರೆ ಪ್ರವಾಸ, ‘ಉಪ’ ಸೇರಿದರೆ ಉಪವಾಸ. ಮೂರನ್ನೂ ಒಂದೇ ಸಂಸಾರದಲ್ಲಿ ಕಾಣುವ ಕಾಲವಿದು: ತಂದೆಗೆ ನಿವಾಸ, ಮಗನಿಗೆ ಪ್ರವಾಸ, ಅವನನ್ನು ನೆನೆದು ತಾಯಿಗೆ ಏಕಾದಶಿಯಲ್ಲದ ದಿನವೂ ಉಪವಾಸ. ಆದರೆ ತೆರಿಗೆಯ ಕಾಯಿದೆಯಲ್ಲಿ ಬರುವ ‘ನಿವಾಸಿ’ಯು ಕೋಶದ ನಿವಾಸಿಯಲ್ಲ. ಹುಟ್ಟಿದ ಊರು ಯಾವುದು, ಮನೆದೇವರು ಎಲ್ಲಿದೆ, ಪಡಿತರದ ಚೀಟಿಯಲ್ಲಿ ಹೆಸರುಂಟೋ ಇಲ್ಲವೋ, ಇವು ಯಾವುವೂ ಅಲ್ಲಿ ನಿರ್ಣಾಯಕವಲ್ಲ. ಬಹುಮಟ್ಟಿಗೆ ಅದು ದಿನಗಳನ್ನು ಎಣಿಸುವ ಶಾಸ್ತ್ರ.

ಊರಿನಲ್ಲಿ ಸ್ವಂತ ಮನೆಯಿದ್ದರೆ ತಾನೇತಾನಾಗಿ ನಿವಾಸಿಯಾಗುವರೆಂಬ ನಂಬಿಕೆ ಹಿರಿಯರಲ್ಲಿ ಇನ್ನೂ ಉಂಟು. ಈ ನಂಬಿಕೆಗೆ ಮೂಲವಿಲ್ಲದೆ ಇಲ್ಲ. ಅದನ್ನು ತಿಳಿಯಲು ಕಾವೇರಿಯ ದಡದವರೆಗೆ ಹೋದರೆ ಸಾಕು. ಮಳವಳ್ಳಿಯು ಮೈಸೂರು ಸಂಸ್ಥಾನದಲ್ಲಿದ್ದಾಗ ಹೊಳೆಯಾಚೆಯ ಕೊಳ್ಳೇಗಾಲವು ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಸಂಸ್ಥಾನದ ತೆರಿಗೆಯ ಕಾಯಿದೆ ಬೇರೆ, ಬ್ರಿಟಿಷ್ ಇಂಡಿಯದ 1922ರ ಕಾಯಿದೆ ಬೇರೆ. ಮಂಡ್ಯವು ಪ್ರತ್ಯೇಕ ಜಿಲ್ಲೆಯಾದ 1939ನೆಯ ಇಸವಿಯಲ್ಲಿಯೇ ಆ 1922ರ ಕಾಯಿದೆಗೆ ತಿದ್ದುಪಡಿಯಾಗಿ, ನಿವಾಸಿ ಯಾರೆಂಬುದಕ್ಕೆ 182 ದಿನಗಳ ಲೆಕ್ಕವು ಬಂದಿತು. ಅದರ ಜೊತೆಗೆ ಇನ್ನೊಂದು ನಿಯಮವೂ ಇತ್ತು: ವರ್ಷದಲ್ಲಿ 182 ದಿನ ಅಲ್ಲಿ ವಾಸದ ಮನೆಯನ್ನು ಇಟ್ಟುಕೊಂಡಿದ್ದು, ಆ ವರ್ಷ ಒಮ್ಮೆಯಾದರೂ ಆ ಸೀಮೆಗೆ ಕಾಲಿಟ್ಟವನು ನಿವಾಸಿಯೇ. ಎಂದರೆ ಮಳವಳ್ಳಿಯ ರೇಷ್ಮೆಯ ವ್ಯಾಪಾರಿಯೊಬ್ಬನು ಕೊಳ್ಳೇಗಾಲದಲ್ಲಿ ವಾಸಕ್ಕೊಂದು ಮನೆ ಹಿಡಿದು, ಹೊಳೆ ದಾಟಿ ಒಂದು ರಾತ್ರಿ ಅಲ್ಲಿ ಮಲಗಿ ಬಂದರೂ ಎರಡು ಸರ್ಕಾರಗಳ ತೆರಿಗೆಯ ದಫ್ತರದಲ್ಲಿ ಅವನ ಹೆಸರು ಬರಬಹುದಾಗಿದ್ದಿತು. ಪರದೇಶವಾಸದ ತೆರಿಗೆಯ ತೊಡಕು ನಮಗೆ ದುಬೈಯಿಂದ ಬಂದುದಲ್ಲ, ಕಾವೇರಿಯ ಆಚೆಯ ದಡದಿಂದಲೇ ಬಂದುದು. 1950ನೆಯ ಏಪ್ರಿಲ್ 1ರಿಂದ ಭಾರತದ ಕಾಯಿದೆಯು ಮೈಸೂರಿಗೂ ಅನ್ವಯಿಸಿದ ಮೇಲೆ ಆ ಗಡಿ ತೆರಿಗೆಯ ಮಟ್ಟಿಗೆ ಅಳಿಯಿತು; 1956ರಲ್ಲಿ ಕೊಳ್ಳೇಗಾಲವೇ ನಮ್ಮ ರಾಜ್ಯಕ್ಕೆ ಬಂದಿತು. ವಾಸದ ಮನೆಯ ನಿಯಮವು ಮಾತ್ರ ರೂಪಾಂತರದಿಂದ 1961ರ ಕಾಯಿದೆಯಲ್ಲಿಯೂ ಉಳಿದಿದ್ದು, 1982ರ ಹಣಕಾಸಿನ ಕಾಯಿದೆಯಿಂದ ತೆಗೆದುಹಾಕಲ್ಪಟ್ಟಿತು. ಆದುದರಿಂದ ಈಗ ಮಂಡ್ಯದಲ್ಲಿ ಮನೆಯಿರುವ ಮಾತ್ರಕ್ಕೆ ಯಾರೂ ಇಲ್ಲಿನ ನಿವಾಸಿಯಾಗರು.

ಈಗಿನ ನಿಯಮಕ್ಕೆ ಬರೋಣ. 1961ರ ಕಾಯಿದೆಯ ಸ್ಥಾನದಲ್ಲಿ 2026ನೆಯ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ 2025ರ ಕಾಯಿದೆಯನ್ನು ಮಾಡಿರುತ್ತಾರೆ. ಎರಡರಲ್ಲಿಯೂ ಈ ವಿಷಯವಿರುವುದು 6ನೆಯ ಸೆಕ್ಷನ್ನಿನಲ್ಲಿಯೇ, ಸಾರವೂ ಒಂದೇ. ಇದನ್ನು ಓದುವ ಕ್ರಮ ಸೂತ್ರಗ್ರಂಥವನ್ನು ಓದುವ ಕ್ರಮದಂತೆ: ಮೊದಲು ಉತ್ಸರ್ಗ, ಆಮೇಲೆ ಅಪವಾದ. ಉತ್ಸರ್ಗವನ್ನು ಮಾತ್ರ ಓದಿ ಪುಸ್ತಕ ಮುಚ್ಚಿದವರೇ ಮೇಲೆ ಹೇಳಿದ ಸ್ನೇಹಿತನಂತೆ ಬುದ್ಧಿ ಹೇಳುವವರು.

ಉತ್ಸರ್ಗವು ಇಷ್ಟು. ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಭಾರತದಲ್ಲಿದ್ದವನು ನಿವಾಸಿ. ಅಷ್ಟಿಲ್ಲದಿದ್ದರೂ ಆ ವರ್ಷ 60 ದಿನ, ಅದರ ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇದ್ದವನೂ ನಿವಾಸಿಯೇ. ಅಪವಾದವೇನೆಂದರೆ, ಉದ್ಯೋಗಕ್ಕಾಗಿ ದೇಶವನ್ನು ಬಿಟ್ಟು ಹೊರಡುವ ಭಾರತದ ಪ್ರಜೆಗೆ ಹೊರಟ ವರ್ಷದಲ್ಲಿಯೂ, ಹೊರಗೆ ನೆಲಸಿದ್ದು ಊರನ್ನು ನೋಡಿಹೋಗಲು ಬರುವ ಪ್ರಜೆಗೆ ಅಥವಾ ಭಾರತೀಯ ಮೂಲದವನಿಗೆ ಬಂದ ವರ್ಷದಲ್ಲಿಯೂ ಆ 60 ದಿನಗಳ ನಿಯಮವಿಲ್ಲ. 182 ದಿನಗಳದೊಂದೇ ನಿಯಮ. ಓದಲು ಹೋಗುವ ವಿದ್ಯಾರ್ಥಿಯ ಹೆಸರು ಈ ಅಪವಾದದಲ್ಲಿಲ್ಲ. ಆಗಸ್ಟಿನಲ್ಲಿ ಓದಿಗೆಂದು ವಿಮಾನ ಹತ್ತುವ ಹುಡುಗನು ಆ ವರ್ಷಕ್ಕೆ ಸಾಮಾನ್ಯವಾಗಿ ಇಲ್ಲಿನ ನಿವಾಸಿಯೇ ಆಗಿರುತ್ತಾನೆ. ಅವನಿಗೆ ವರಮಾನವೇ ಇಲ್ಲದಿರುವುದರಿಂದ ಬಹುಮಂದಿ ಅದನ್ನು ಯೋಚಿಸುವುದಿಲ್ಲ.

ವರ್ಷವು ಏಪ್ರಿಲಿನಿಂದ ಆರಂಭವಾಗುತ್ತದೆಂಬುದನ್ನು ಗೃಹಸ್ಥರು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಒಬ್ಬನು ಅಕ್ಟೋಬರ್ 1ನೆಯ ತಾರೀಖು ಬಂದು ಮಾರ್ಚ್ 31ರವರೆಗೆ ಇದ್ದನೆನ್ನೋಣ. ಅಧಿಕದಿನವಿಲ್ಲದ ವರ್ಷದಲ್ಲಿ ಅದು ಸರಿಯಾಗಿ 182 ದಿನ, ಅವನು ನಿವಾಸಿಯಾದನು. ಅವನ ತಮ್ಮನು ಜನವರಿ 1ರಂದು ಬಂದು ಜೂನ್ 30ರವರೆಗೆ ಇದ್ದನೆನ್ನೋಣ. ಅದೂ ಆರು ತಿಂಗಳೇ. ಆದರೆ ಮಾರ್ಚ್ 31ಕ್ಕೆ 90 ದಿನ ಒಂದು ವರ್ಷದ ಲೆಕ್ಕಕ್ಕೂ, ಉಳಿದ 91 ದಿನ ಮುಂದಿನ ವರ್ಷದ ಲೆಕ್ಕಕ್ಕೂ ಹಂಚಿಹೋಗುವುದರಿಂದ, ಬೇರೆ ಭೇಟಿಗಳು ಸೇರದಿದ್ದರೆ ಅವನು ಎರಡು ವರ್ಷಗಳಲ್ಲಿಯೂ ಅನಿವಾಸಿ. ಅಪ್ಪಅಮ್ಮಂದಿರ ಬಳಿ ಒಂದೇ ಸಮನಾಗಿ ಆರು ತಿಂಗಳು ಇರಬೇಕೆಂಬ ಮಕ್ಕಳು ಇದನ್ನರಿತು ಬರುವ ತಿಂಗಳನ್ನು ಆರಿಸಿಕೊಳ್ಳಬಹುದು. ಇದರಲ್ಲಿ ಕಪಟವೇನೂ ಇಲ್ಲ. ಆದರೆ ತಾಯಿಯು ತಿಂಗಳನ್ನು ನೋಡಿಕೊಂಡು ಜಾರಿಬೀಳುವುದಿಲ್ಲವಷ್ಟೆ.

ಈಗ ಮದ್ದೂರಿನ ಪತ್ರದ ವಿಚಾರ. ಮೊದಲನೆಯದಾಗಿ ಸ್ನೇಹಿತನ ಗಣಿತವೇ ತಪ್ಪು. ತಮ್ಮನ ಮದುವೆಗೆಂದು ಮಗನು ಹಿಂದಿನ ಏಪ್ರಿಲಿನಲ್ಲಿಯೂ ಹನ್ನೆರಡು ದಿನ ಬಂದಿದ್ದನೆಂದು ಪತ್ರದ ಕೊನೆಯಲ್ಲಿ ಪ್ರಾಸಂಗಿಕವಾಗಿ ಬರೆದಿದೆ. ದಿನಗಳು ಒಂದೇ ಕಂತಿನಲ್ಲಿ ಇರಬೇಕೆಂಬ ನಿಯಮವಿಲ್ಲ. ಬಿಡಿಬಿಡಿಯಾಗಿ ಬಂದುವೆಲ್ಲ ಕೂಡುತ್ತವೆ. ಆ ಹನ್ನೆರಡನ್ನು ಸೇರಿಸಿದರೆ 182ನೆಯ ದಿನವು ಮಾರ್ಚ್ 10 ಅಲ್ಲ, ಫೆಬ್ರವರಿ 26. ಮಾರ್ಚ್ 8ಕ್ಕೆ ವಿಮಾನ ಹತ್ತಿದ್ದರೆ ತಾಯಿಯನ್ನೂ ಬಿಟ್ಟಂತಾಗುತ್ತಿತ್ತು, ನಿವಾಸಿಯೂ ಆಗಿಬಿಡುತ್ತಿದ್ದನು.

ಎರಡನೆಯದಾಗಿ, ಮುಖ್ಯವಾದುದು: ನಿವಾಸಿಯಾದರೆ ದುಬೈಯ ಸಂಬಳಕ್ಕೆಲ್ಲ ತೆರಿಗೆಯೆಂಬುದು ಅವನ ವಿಷಯದಲ್ಲಿ ಸರಿಯಲ್ಲ. ಕಾಯಿದೆಯು ನಿವಾಸಿಗಳಲ್ಲಿ ಎರಡು ಬಗೆಯನ್ನು ಮಾಡಿದೆ. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದವನು, ಅಥವಾ ಹಿಂದಿನ ಏಳು ವರ್ಷಗಳಲ್ಲಿ ಒಟ್ಟು 729 ದಿನಗಳನ್ನು ಮೀರದೆ ಇಲ್ಲಿದ್ದವನು, ‘ನಿವಾಸಿಯಾದರೂ ಸಾಮಾನ್ಯ ನಿವಾಸಿಯಲ್ಲ’. ಅಂಥವನ ಹೊರದೇಶದ ವರಮಾನಕ್ಕೆ, ಅದು ಇಲ್ಲಿಂದ ನಡೆಸುವ ವ್ಯಾಪಾರದ್ದೋ ಇಲ್ಲಿ ಸ್ಥಾಪಿಸಿದ ವೃತ್ತಿಯದೋ ಆಗಿರದಿದ್ದರೆ, ಇಲ್ಲಿ ತೆರಿಗೆಯಿಲ್ಲ. ಹೊರಗಿನ ಆಸ್ತಿಗಳ ಪಟ್ಟಿಯನ್ನು ಇಲ್ಲಿಯ ತೆರಿಗೆಯ ವಿವರಣಪತ್ರದಲ್ಲಿ ಕೊಡಬೇಕಾದುದೂ ಇಲ್ಲ. ಹದಿನಾಲ್ಕು ವರ್ಷ ಹೊರಗಿದ್ದ ಈ ಮಗನು ಈ ವರ್ಗಕ್ಕೇ ಸೇರಿದವನು. ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ದುಬೈಯಲ್ಲಿ ದುಡಿದು ಅಲ್ಲಿಯೇ ಪಡೆದ ಸಂಬಳವನ್ನು ಇಲ್ಲಿ ಯಾರೂ ಮುಟ್ಟುವಂತಿಲ್ಲ. ತಾಯಿಯು ನಡೆಯುವವರೆಗೂ ಇರಬಹುದೆಂದು ನಾನು ಬರೆದ ಉತ್ತರದ ಮೊದಲನೆಯ ಸಾಲು.

ಎರಡನೆಯ ಸಾಲು ಅಷ್ಟು ಸಿಹಿಯಾದುದಲ್ಲ. ನವೆಂಬರಿನಿಂದ ಈಚೆಗೆ ಮದ್ದೂರಿನ ಮನೆಯಲ್ಲಿ ಕುಳಿತು ಮಾಡಿದ ಕೆಲಸದ ಸಂಬಳವು, ಹಣವು ದುಬೈಯ ಬ್ಯಾಂಕಿಗೇ ಹೋದರೂ, ಇಲ್ಲಿ ಸಲ್ಲಿಸಿದ ಸೇವೆಗೆ ಇಲ್ಲಿಯೇ ಹುಟ್ಟಿದ ವರಮಾನವೆಂದು ಕಾಯಿದೆಯು ಎಣಿಸುತ್ತದೆ. ಇದಕ್ಕೆ 182 ದಿನಗಳ ಸಂಬಂಧವೂ ಇಲ್ಲ. ಅನಿವಾಸಿಯಾಗಿದ್ದರೂ ಈ ಪ್ರಶ್ನೆ ಏಳುತ್ತದೆ. ದೇಶದೇಶಗಳ ಒಪ್ಪಂದದಿಂದ ಕೆಲವು ಸಂದರ್ಭಗಳಲ್ಲಿ ಪರಿಹಾರ ದೊರೆಯಬಹುದು. ಇದನ್ನು ಮಾತ್ರ ಬಲ್ಲ ಲೆಕ್ಕಪರಿಶೋಧಕರ ಮುಂದಿಡಬೇಕು. ನೆರೆಯವರ ಮಾತಿನಿಂದ ತೀರ್ಮಾನಿಸತಕ್ಕ ವಿಷಯವಲ್ಲ. ಸ್ನೇಹಿತನು ಹೆದರಿಸಿದ ಕಡೆ ಭಯವಿಲ್ಲ, ಹೆದರಿಸದೆ ಬಿಟ್ಟ ಕಡೆ ಎಚ್ಚರ ಬೇಕು. ದುಬೈಯ ವಾಸದ ಅನುಮತಿಯು ಆರು ತಿಂಗಳಿಗೆ ಮೀರಿ ಹೊರಗಿದ್ದರೆ ಸಾಮಾನ್ಯವಾಗಿ ರದ್ದಾಗುವುದೆಂಬುದೂ ಅವನು ನೋಡಿಕೊಳ್ಳಬೇಕಾದ ಬೇರೊಂದು ಲೆಕ್ಕ. ತೆರಿಗೆಯ ಲೆಕ್ಕದೊಡನೆ ಅದನ್ನು ಕಲಸಬಾರದು.

2020ರಲ್ಲಿ ಈ ಕಾಯಿದೆಗೆ ಎರಡು ಹೊಸ ಗಂಟುಗಳು ಬಿದ್ದುವು. ಹೊರದೇಶದ ಮೂಲದ್ದನ್ನು ಬಿಟ್ಟು ಉಳಿದ ವರಮಾನವು 15 ಲಕ್ಷ ರೂಪಾಯಿಗಳನ್ನು ಮೀರಿದವರು ಊರಿಗೆ ಬಂದು 120 ದಿನ ಇದ್ದು, ಹಿಂದಿನ ನಾಲ್ಕು ವರ್ಷಗಳಲ್ಲಿ 365 ದಿನ ಇದ್ದಿದ್ದರೆ ನಿವಾಸಿಗಳು. ಅಷ್ಟೇ ವರಮಾನವುಳ್ಳ ಭಾರತದ ಪ್ರಜೆಯು ವಾಸದ ಕಾರಣದಿಂದ ಬೇರಾವ ದೇಶದಲ್ಲಿಯೂ ತೆರಿಗೆಗೆ ಒಳಪಡದಿದ್ದರೆ, ಒಂದು ದಿನವೂ ಇಲ್ಲಿಗೆ ಬಾರದಿದ್ದರೂ ನಿವಾಸಿಯೆಂದೇ ಭಾವಿಸಲ್ಪಡುವನು. ಕೊಲ್ಲಿಯ ದೇಶಗಳಲ್ಲಿ ದುಡಿಯುವವರ ಮನೆಗಳಲ್ಲಿ ಆಗ ದೊಡ್ಡ ಗಾಬರಿಯಾಯಿತು. 2020ನೆಯ ಫೆಬ್ರವರಿ 2ರಂದು ಸರ್ಕಾರದವರು ಪ್ರಕಟಣೆ ಕೊಟ್ಟು, ಅಲ್ಲಿ ನಿಜವಾಗಿ ದುಡಿಯುವವರ ಅಲ್ಲಿಯ ಗಳಿಕೆಗೆ ತೆರಿಗೆ ಹಾಕುವ ಉದ್ದೇಶವಿಲ್ಲವೆಂದು ತಿಳಿಸಿದರು. ಈ ಎರಡು ಗಂಟುಗಳಲ್ಲಿ ಸಿಕ್ಕಿದವರೂ ‘ಸಾಮಾನ್ಯ ನಿವಾಸಿಯಲ್ಲದ’ ವರ್ಗಕ್ಕೇ ಸೇರುವುದರಿಂದ ಹೊರಗಿನ ಸಂಬಳವು ಹೊರಗೇ ಉಳಿಯುತ್ತದೆ. ಕಬ್ಬು, ಬತ್ತಗಳ ಗದ್ದೆಯ ಹುಟ್ಟುವಳಿಗೆ ಕೇಂದ್ರದ ತೆರಿಗೆಯ ವಿನಾಯಿತಿ ಇರುವುದರಿಂದ ಅದು ಈ 15 ಲಕ್ಷದೊಳಗೆ ಬಾರದು. ಮಂಡ್ಯದ ಅಂಗಡಿಸಾಲಿನ ಬಾಡಿಗೆಯು ಬರುತ್ತದೆ.

ಅಮೆರಿಕದ ಮಾತೇ ಬೇರೆ. ಆ ಸರ್ಕಾರದವರು ತಮ್ಮ ಪ್ರಜೆಯನ್ನೂ ಗ್ರೀನ್ ಕಾರ್ಡು ಪಡೆದವನನ್ನೂ, ಅವನು ಮಳವಳ್ಳಿಗೇ ಬಂದು ನೆಲಸಿದರೂ, ಲೋಕದ ಎಲ್ಲಿಯ ವರಮಾನಕ್ಕಾದರೂ ಲೆಕ್ಕ ಕೇಳುತ್ತಾರೆ. ಇವೆರಡೂ ಇಲ್ಲದವನಿಗೆ ಅಲ್ಲಿಯೂ ದಿನಗಣನೆಯುಂಟು, ಅದರ ರೀತಿ ವಿಚಿತ್ರ: ಈ ವರ್ಷದ ದಿನಗಳು ಪೂರ್ತಿ, ಹಿಂದಿನ ವರ್ಷದವುಗಳಲ್ಲಿ ಮೂರರಲ್ಲೊಂದು ಪಾಲು, ಅದರ ಹಿಂದಿನವುಗಳಲ್ಲಿ ಆರರಲ್ಲೊಂದು ಪಾಲು, ಇವನ್ನು ಕೂಡಿ 183 ಆದರೆ, ಈ ವರ್ಷದ್ದೇ 31 ದಿನವಾದರೂ ಇದ್ದರೆ, ಅವನು ಅಲ್ಲಿಯ ನಿವಾಸಿ. ಆರರಲ್ಲೊಂದು ಪಾಲೆಂದೊಡನೆ ನಮ್ಮ ಸ್ಮೃತಿಗಳ ಷಡ್ಭಾಗದ ನೆನಪಾಗುವುದು ಸಹಜ. ಅಲ್ಲಿ ದೊರೆಯು ಧಾನ್ಯದಲ್ಲಿ ಪಡೆಯುತ್ತಿದ್ದುದನ್ನು ಇಲ್ಲಿ ದಿನಗಳಲ್ಲಿ ಪಡೆಯುತ್ತಾರೆ. ಅವರ ವರ್ಷವು ಜನವರಿ 1ರಿಂದ. ಇಂಗ್ಲೆಂಡಿನವರದು ಏಪ್ರಿಲ್ 6ರಿಂದ. ಆಸ್ಟ್ರೇಲಿಯದವರದು ಜುಲೈ 1ರಿಂದ. ಒಬ್ಬನೇ ಮನುಷ್ಯನ ಒಂದೇ ದಿನವು ಎರಡು ದೇಶಗಳ ಎರಡು ಬೇರೆ ವರ್ಷಗಳಿಗೆ ಸೇರಬಹುದು.

ಇಲ್ಲಿ ಮನೆಯ ಹೆಂಗಸರಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ವಯಸ್ಸಾದ ತಾಯಂದಿರು ಅನುಕೂಲಕ್ಕೆಂದು ತಮ್ಮ ಬ್ಯಾಂಕಿನ ಖಾತೆಯಲ್ಲಿ ಅಮೆರಿಕದ ಮಗನ ಅಥವಾ ಮಗಳ ಹೆಸರನ್ನು ಜೊತೆಗೆ ಬರೆಸುತ್ತಾರೆ. ಹಣವೆಲ್ಲ ತಾಯಿಯದೇ, ಮಗಳು ಒಂದು ರೂಪಾಯಿ ಮುಟ್ಟಿಲ್ಲ. ಆದರೂ ಅಮೆರಿಕದಲ್ಲಿ ತೆರಿಗೆಗೆ ಒಳಪಟ್ಟ ಮಗಳು, ತನ್ನ ಹೆಸರೋ ಸಹಿಯ ಅಧಿಕಾರವೋ ಇರುವ ಹೊರದೇಶದ ಖಾತೆಗಳ ಮೊತ್ತವು ವರ್ಷದ ಯಾವ ದಿನವಾದರೂ 10,000 ಡಾಲರುಗಳನ್ನು ಮೀರಿದರೆ, ಅಲ್ಲಿಯ ಸರ್ಕಾರಕ್ಕೆ ಆ ಖಾತೆಗಳನ್ನು ತಿಳಿಸಲೇಬೇಕು. ಗದ್ದೆ ಮಾರಿದ ಹಣ ಎರಡು ದಿನ ಆ ಖಾತೆಯಲ್ಲಿದ್ದರೂ ಸಾಕು. ತಿಳಿಸದಿದ್ದರೆ ದಂಡವು ಭಾರಿಯಾದುದು. ತಾಯಿಯ ಪ್ರೀತಿಯಿಂದ ಮಗಳಿಗೆ ಬಂದ ಈ ತೊಂದರೆಯನ್ನು ನಾಮಿನಿಯ ಹೆಸರಾಗಿ ಬರೆಸುವುದರಿಂದ ತಪ್ಪಿಸಬಹುದು. ಹಾಗೆಯೇ ಮಗನ ಪಾಲಿನ ಗದ್ದೆಯ ಕಬ್ಬಿನ ಹಣವು ಇಲ್ಲಿ ವಿನಾಯಿತಿ ಪಡೆದರೂ ಅಲ್ಲಿ ಪಡೆಯುವುದಿಲ್ಲ. ಇಲ್ಲಿ ತೆರಿಗೆ ಕೊಟ್ಟಿದ್ದರೆ ಅಲ್ಲಿ ಅದಕ್ಕೆ ವಜಾ ದೊರೆಯುತ್ತಿತ್ತು. ಕೊಡದೆ ಇರುವುದರಿಂದ ವಜಾ ಮಾಡಲು ಏನೂ ಇರುವುದಿಲ್ಲ.

ಎರಡು ದೇಶದವರೂ "ಇವನು ನಮ್ಮ ನಿವಾಸಿ" ಎಂದರೆ ಗತಿಯೇನು? ಅದಕ್ಕಾಗಿಯೇ ಭಾರತವು ತೊಂಬತ್ತಕ್ಕೆ ಮೀರಿದ ದೇಶಗಳೊಡನೆ ದ್ವಿತೆರಿಗೆಯನ್ನು ತಪ್ಪಿಸುವ ಒಪ್ಪಂದಗಳನ್ನು ಮಾಡಿಕೊಂಡಿದೆ. ಅವುಗಳಲ್ಲಿ ಸಾಮಾನ್ಯವಾಗಿ ನಾಲ್ಕನೆಯ ವಿಧಿಯು ಈ ವ್ಯಾಜ್ಯವನ್ನು ಬಗೆಹರಿಸುವ ಕ್ರಮವನ್ನು ಹೇಳುತ್ತದೆ. ಸ್ಥಿರವಾದ ವಾಸದ ಮನೆ ಯಾವ ದೇಶದಲ್ಲಿದೆ ಎಂದು ಮೊದಲು ನೋಡುವರು. ಎರಡರಲ್ಲಿಯೂ ಇದ್ದರೆ ಸಂಸಾರ, ಸಂಪಾದನೆ ಮುಂತಾದ ಜೀವನದ ಕೇಂದ್ರವೆಲ್ಲಿಯೆಂದು. ಅದೂ ತಿಳಿಯದಿದ್ದರೆ ರೂಢಿಯಾಗಿ ಎಲ್ಲಿರುವನೆಂದು. ಆಮೇಲೆ ಯಾರ ಪ್ರಜೆಯೆಂದು. ಕೊನೆಗೆ ಎರಡು ಸರ್ಕಾರದವರೂ ಕುಳಿತು ತೀರ್ಮಾನಿಸುವರು. ದಿನಗಣನೆಯಲ್ಲಿ ಕಳೆದುಹೋದ ಮನೆ, ಸಂಸಾರಗಳು ಇಲ್ಲಿ ಮತ್ತೆ ಬಂದಿವೆಯೆಂಬುದನ್ನು ಗಮನಿಸಬೇಕು. ಈ ಒಪ್ಪಂದದ ಆಶ್ರಯ ಪಡೆಯಲು ಆಯಾ ದೇಶದ ತೆರಿಗೆಯ ಕಚೇರಿಯಿಂದ ನಿವಾಸದ ಪ್ರಮಾಣಪತ್ರ ತರಬೇಕು.

ಅನಿವಾಸಿಯಾಗಿರುವುದೇ ಸದಾ ಲಾಭವೆಂದು ತಿಳಿಯಬೇಡಿರಿ. 2025–26ನೆಯ ಸಾಲಿನಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಬೀಳದಂತೆ ಮಾಡಿರುವ ರಿಯಾಯಿತಿ ನಿವಾಸಿಗಳಿಗೆ ಮಾತ್ರ. ಮಂಡ್ಯದ ಮನೆಯ ಬಾಡಿಗೆಯಿಂದ ತೆರಿಗೆಗೆ ಒಳಪಡುವ ವರಮಾನ 8 ಲಕ್ಷ ಬರುವ ಅನಿವಾಸಿ ಮಗನು 4 ಲಕ್ಷಕ್ಕೆ ಮೇಲ್ಪಟ್ಟುದಕ್ಕೆ ತೆರಿಗೆ ಕೊಡಬೇಕು. ಅದೇ ವರಮಾನವುಳ್ಳ ತಂದೆ ಏನೂ ಕೊಡಬೇಕಾಗಿಲ್ಲ. ಬ್ಯಾಂಕಿನವರು ಅನಿವಾಸಿಯ ಎನ್‌ಆರ್‌ಓ ಖಾತೆಯ ಬಡ್ಡಿಯಲ್ಲಿ ನೂರಕ್ಕೆ ಮೂವತ್ತನ್ನೂ ಅದರ ಮೇಲಿನ ಸೆಸ್ಸನ್ನೂ ಮೊದಲೇ ಹಿಡಿಯುತ್ತಾರೆ. ಹೆಚ್ಚು ಹಿಡಿದಿದ್ದರೆ ವಿವರಣಪತ್ರ ಸಲ್ಲಿಸಿ ಹಿಂದಕ್ಕೆ ಪಡೆಯಬಹುದು. ಎಷ್ಟೋ ಜನ ಸೋಮಾರಿತನದಿಂದ ಬಿಟ್ಟುಬಿಡುತ್ತಾರೆ. ಎನ್‌ಆರ್‌ಇ ಖಾತೆಯ ಬಡ್ಡಿಗೆ ತೆರಿಗೆಯಿಲ್ಲ. ಆದರೆ ಆ ಖಾತೆಗೆ ಯಾರು ಅರ್ಹರೆಂಬುದನ್ನು ತೆರಿಗೆಯ ಕಾಯಿದೆಯಲ್ಲ, ವಿದೇಶೀ ವಿನಿಮಯದ 1999ರ ಕಾಯಿದೆಯು ಗೊತ್ತುಮಾಡುತ್ತದೆ. ಅಲ್ಲಿ ದಿನಗಳ ಜೊತೆಗೆ ಬಂದವನ ಉದ್ದೇಶವನ್ನೂ ನೋಡುವರು. ಊರಿಗೆ ಶಾಶ್ವತವಾಗಿ ಬಂದವನು ಆ ಖಾತೆಯನ್ನು ತಡಮಾಡದೆ ಬದಲಿಸಿಕೊಳ್ಳಬೇಕು. ಹೊರಗಿನ ಆಸ್ತಿಯ ಪಟ್ಟಿಯ ವಿನಾಯಿತಿಯೂ ಅವನಿಗೆ ಶಾಶ್ವತವಲ್ಲ. ಸಾಮಾನ್ಯವಾಗಿ ಎರಡು ವರ್ಷ, ಕೆಲವರಿಗೆ ಮೂರು ವರ್ಷ ಕಳೆದು ‘ಸಾಮಾನ್ಯ ನಿವಾಸಿ’ಯಾದ ಮೇಲೆ ಹೊರಗಿನ ಖಾತೆ, ಷೇರು, ಮನೆಗಳನ್ನು ತಿಳಿಸದಿದ್ದರೆ 2015ರ ಕಪ್ಪುಹಣದ ಕಾಯಿದೆಯಂತೆ 10 ಲಕ್ಷ ರೂಪಾಯಿ ದಂಡ ಬೀಳಬಹುದು.

ವಿಧಿವಶದಿಂದ ಇರಬೇಕಾಗಿ ಬಂದ ದಿನಗಳನ್ನು ಬಿಡುವರೇ ಎಂದು ಕೇಳುವುದುಂಟು. 2020ರ ಮಾರ್ಚಿನಲ್ಲಿ ವಿಮಾನಗಳು ನಿಂತು ಊರಿನಲ್ಲೇ ಸಿಕ್ಕಿಬಿದ್ದವರಿಗೆ, ಆ ಮಾರ್ಚ್ 22ರಿಂದ 31ರವರೆಗಿನ ದಿನಗಳನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಆ ವರ್ಷದ ಮೇ ತಿಂಗಳಿನಲ್ಲಿ ಆಜ್ಞೆಯಾಯಿತು. ಮುಂದಿನ ವರ್ಷಕ್ಕೆ ಅಂಥ ಸಾಮಾನ್ಯ ವಿನಾಯಿತಿಯನ್ನು ಕೊಡಲಿಲ್ಲ. ತಾಯಿಯ ಕಾಯಿಲೆಗೆ ವಿನಾಯಿತಿಯು ಎಂದೂ ಇದ್ದುದಲ್ಲ. ಅದರ ಅಗತ್ಯವೇ ಬೀಳದಂತೆ ಮೇಲಿನ ಎರಡನೆಯ ವರ್ಗವು ಕಾಯುತ್ತದೆ.

ಕೊನೆಗೆ ದಿನವೆಂದರೇನೆಂಬ ಪ್ರಶ್ನೆ. ಸೂತಕದ ಹತ್ತು ದಿನಗಳಲ್ಲಿ ಮೊದಲನೆಯ ದಿನವೂ ಸೇರುವುದು ನಮಗೆ ಗೊತ್ತಿದೆ. ತೆರಿಗೆಯಲ್ಲಿ ಬಂದ ದಿನ, ಹೊರಟ ದಿನ ಎರಡನ್ನೂ ಎಣಿಸಬೇಕೆಂದು ಒಂದು ತೀರ್ಪು, ಬಂದ ದಿನವನ್ನು ಬಿಡಬಹುದೆಂದು ಇನ್ನೊಂದು ತೀರ್ಪು ಇರುವುದರಿಂದ, ಅಂಚಿನಲ್ಲಿರುವವರು ಎರಡನ್ನೂ ಎಣಿಸಿ ಇನ್ನೂ ನಾಲ್ಕು ದಿನ ಮಿಗಿಸಿಕೊಳ್ಳುವುದು ಕ್ಷೇಮ. ಪಾಸ್‌ಪೋರ್ಟಿನ ಮುದ್ರೆಯೇ ಮುಖ್ಯ ಸಾಕ್ಷಿ. ಆದರೆ ಈಗ ಕೆಲವು ವಿಮಾನನಿಲ್ದಾಣಗಳಲ್ಲಿ ಯಂತ್ರದ ಬಾಗಿಲಿನಿಂದಲೇ ದಾಟಿಸಿ ಮುದ್ರೆ ಒತ್ತದೆ ಬಿಡುವುದುಂಟು. ಆದುದರಿಂದ ವಿಮಾನದ ಚೀಟಿಗಳನ್ನು ಎಸೆಯದೆ, ಮಗನು ಬಂದ ತಾರೀಖು, ಹೋದ ತಾರೀಖುಗಳನ್ನು ಬರೆದ ಒಂದು ಪುಸ್ತಕದೊಡನೆ ಹಿಂದಿನ ಹತ್ತು ವರ್ಷಗಳದ್ದನ್ನಾದರೂ ಮನೆಯಲ್ಲಿ ಇಟ್ಟಿರಬೇಕು. ಹಾಲಿನವನ ಲೆಕ್ಕ ಬರೆಯುವ ಗೃಹಿಣಿಗೆ ಇದು ಹೆಚ್ಚಿನ ಹೊರೆಯಲ್ಲ.

ಹೊರಗಿರುವ ಮಗನ ಹೆಸರಿನ ನಿವೇಶನವನ್ನು ಮಾರುವಾಗ ಕೊಳ್ಳುವವನು ತೆರಿಗೆಯನ್ನು ಹಿಡಿದುಕೊಳ್ಳಬೇಕಾದ ವಿಷಯವನ್ನು ಮಳವಳ್ಳಿಯಿಂದ ಇನ್ನೊಬ್ಬರು ಕೇಳಿದ್ದಾರೆ. ಅದು ದೊಡ್ಡ ಪ್ರಕರಣ. ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.